ಏಳನೇ ಕಾವಲುಗಾರನ ಜೊತೆಗಾರ

ದಾಂಡೇಲಿ
5-10-2024, ಶನಿವಾರ

ರೋಹಿತ,

ಪತ್ರ ಬರೆದು ನನಗೆ ರೂಢಿ ಇಲ್ಲ. ಶಾಲೆಯಲ್ಲಿದ್ದಾಗ ನನ್ನ ರಜೆ ಅರ್ಜಿಯನ್ನೂ ನೀನೇ ಬರೆದುಕೊಡುತ್ತಿದ್ದೆ, ನಾನು ಕೆಳಗೆ ತಾರಿಕ ಎಂದು ಸಹಿ ಹಾಕುತ್ತಿದ್ದೆ, ಅಷ್ಟೇ. ಎಂಟು ತಿಂಗಳಿಂದ ನಿನ್ನ ಫೋನು ಹತ್ತುತ್ತಿಲ್ಲ. ಮೊನ್ನೆ ಅರಣ್ಯ ಇಲಾಖೆಯ ಜೀಪು ಪಂಕ್ಚರ್ ಆಗಿ ನಮ್ಮ ಗ್ಯಾರೇಜಿಗೆ ಬಂತು. ಡ್ರೈವರ್ ಯಲ್ಲಪ್ಪ ಹೇಳಿದ, "ನಿಮ್ಮ ದೋಸ್ತ ಜೋಯಿಡಾದ ಆಚೆ ಕ್ಯಾಂಪಿನ್ಯಾಗ ವಾಚರ್ ಅದಾನ್ರಿ. ಅಲ್ಲಿ ಟವರ್ ಇಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ರೇಶನ್ ಒಯ್ತೇನಿ, ಐತವಾರ ಮುಂಜಾನೆ ಹೊಳ್ಳಿ ಬರ್ತೇನಿ. ಚೀಟಿ ಬರದ ಕೊಡ್ರಿ, ಮುಟ್ಟಸ್ತೇನಿ." ಅದಕ್ಕೇ ಈ ಚೀಟಿ.

ವಿಷಯ ದೊಡ್ಡದೇನಲ್ಲ. ಹೋದ ಭಾನುವಾರ ಟಿವಿಯಲ್ಲಿ ಒಂದು ಚಾನೆಲ್‌ನವರು 'ಗಾಳಿರಾಯ' ಮೊದಲ ಭಾಗ ಹಾಕಿದ್ದರು. ಅದೇ ಹೊತ್ತಿಗೆ ಇನ್ನೊಂದರಲ್ಲಿ 'ಏಳನೇ ಕಾವಲುಗಾರ' ಮೊದಲ ಭಾಗ. ಎರಡಕ್ಕೂ ಅದೇ ಹಳೆಯ ಕನ್ನಡ ಡಬ್ಬಿಂಗು, ಎರಡರಲ್ಲೂ ಖಳನಾಯಕನಿಗೆ ಒಬ್ಬನದೇ ಧ್ವನಿ. ಆ ಎರಡು ಸೂಪರ್‌ಹೀರೋ ಸಿನಿಮಾ ಕಂಪನಿಗಳು ಒಂಬತ್ತೊಂಬತ್ತು ಭಾಗ ತೆಗೆದವು, ಜಗಳ ಇನ್ನೂ ಮುಗಿದಿಲ್ಲ. ನಾನು ರಿಮೋಟು ಹಿಡಿದು ಅತ್ತ ಇತ್ತ ಮಾಡುತ್ತ ಕೂತಿದ್ದೆ. "ಒಂದಾದ್ರೂ ನೆಟ್ಟಗ ನೋಡ್ರಿ" ಎಂದು ಮಹೆಜಬೀನ ಬೈದು ಒಳಗೆ ಹೋದಳು. ಹೆಂಡತಿಗೆ ಏನು ಗೊತ್ತು, ನಾವು ಹದಿನೈದು ವರ್ಷ ಇದೊಂದೇ ವಾದ ಮಾಡಿದವರು.

ನಾವು ಪಿಯುಸಿಯಲ್ಲಿದ್ದಾಗ ನಿಮ್ಮಣ್ಣ ಒಂದೇ ವಾರದಲ್ಲಿ ನಮ್ಮಿಬ್ಬರನ್ನೂ ಎರಡಕ್ಕೂ ಕರೆದೊಯ್ದಿದ್ದ. ಅವನಿಗೆ ಮಿಲ್ಲಿನಲ್ಲಿ ಕೆಲಸ ಖಾಯಂ ಆದ ತಿಂಗಳು ಅದು. ನಾನು ಗಾಳಿರಾಯನ ಪಾರ್ಟಿ ಆದೆ, ನೀನು ಕಾವಲುಗಾರನ ಪಾರ್ಟಿ. ಹಾದಿಯುದ್ದಕ್ಕೂ ಜಗಳಾಡಿ ಅಂಬೇವಾಡಿಯ ನಿಮ್ಮ ಮನೆ ಮುಟ್ಟಿದಾಗ ಅವನ ಹತ್ತಿರ ತೀರ್ಪು ಕೇಳಿದೆವು. "ಎರಡೂ ಒಂದ ಅದಾವ ಬಿಡ್ರಿ. ಇಬ್ರೂ ಚಡ್ಡಿ ಮ್ಯಾಗ ಹಾಕ್ಕೊಂಡಾರ" ಎಂದಿದ್ದ ಪುಂಡಲೀಕಣ್ಣ.

ಈಗ ತೀರ್ಪು ಹೇಳಲು ಅವನಿಲ್ಲ. ಫೆಬ್ರವರಿಯಿಂದ ಇಲ್ಲ. ಆದ್ದರಿಂದ ನಾವೇ ಮುಗಿಸಬೇಕು.

ನನ್ನ ವಾದ ಅದೇ. ಮೊದಲ ಸಿನಿಮಾ ಎಂದರೆ ಮನುಷ್ಯನ ಪರಿಚಯ. ಗಾಳಿರಾಯ ಗಾಜಿನ ಕಾರ್ಖಾನೆಯ ಕೂಲಿ. ಶಕ್ತಿ ಬಂದ ಮೇಲೆ ಮೊದಲು ಮಾಡುವ ಕೆಲಸ ಏನು? ಅವ್ವ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಊರ ಮೇಲೆ ಹಾರಿಸಿ ಬೈಸಿಕೊಳ್ಳುತ್ತಾನೆ. ಆಮೇಲೆ ಸೇತುವೆ, ನೇತಾಡುವ ಬಸ್ಸು, ಮೂವತ್ತೆರಡು ಜನ. ಎಲ್ಲರೂ ಉಳಿಯುತ್ತಾರೆ. ಇಡೀ ಸಿನಿಮಾದಲ್ಲಿ ಒಂದು ಸಾವಿಲ್ಲ. ಮೊದಲ ಸಿನಿಮಾ ಹಾಗಿರಬೇಕು. ನಿನ್ನದರಲ್ಲಿ ಎಷ್ಟು ಕತ್ತಲೆಯೆಂದರೆ ಟಾಕೀಸಿನ ಗೇಟಿನವನ ಬ್ಯಾಟರಿಯೇ ಪರದೆಗಿಂತ ಹೆಚ್ಚು ಬೆಳಗುತ್ತಿತ್ತು.

ಗ್ಯಾರೇಜು ಚೆನ್ನಾಗಿ ನಡೆದಿದೆ. ಉತ್ತರ ಬರಿ.

ತಾರಿಕ


ಕ್ಯಾಂಪು
6-10-2024, ಭಾನುವಾರ ಬೆಳಿಗ್ಗೆ

ತಾರಿಕ,

ಚೀಟಿ ಮುಟ್ಟಿತು. ಯಲ್ಲಪ್ಪ ಚಹಾ ಕುಡಿಯುತ್ತಿದ್ದಾನೆ, ಅವನು ಲೋಟ ಕೆಳಗಿಡುವುದರೊಳಗೆ ಬರೆಯಬೇಕು.

ನಾನು ಚೆನ್ನಾಗಿದ್ದೇನೆ. ಇಲ್ಲಿ ನಾನು ಮತ್ತು ಅಡಿವೆಯ್ಯ ಎಂಬ ಹಿರಿಯ ವಾಚರ್. ಬೆಳಿಗ್ಗೆ ಎಂಟು ಕಿಲೋಮೀಟರು ನಡೆಯುತ್ತೇವೆ, ಸಂಜೆ ಐದು. ಹೆಜ್ಜೆ ಗುರುತು ಕಂಡರೆ ವಹಿಯಲ್ಲಿ ಬರೆಯುತ್ತೇವೆ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯುತ್ತೇವೆ. ಅನ್ನ, ಬೇಳೆ ಸಾರು. ನಿದ್ದೆ ಬರುತ್ತದೆ.

ಏಳನೇ ಕಾವಲುಗಾರನೇ ಮೇಲು. ಅವನಿಗೆ ಹೆಸರೇ ಇಲ್ಲ, ಮುಖವಾಡ ಬರುವುದು ಕೊನೆಯ ಹತ್ತು ನಿಮಿಷಕ್ಕೆ. ಅಲ್ಲಿಯ ತನಕ ಅವನೊಬ್ಬ ಹೆದರಿದ ಮನುಷ್ಯ, ಕೋಟೆಯ ಏಳನೇ ಬಾಗಿಲಿಗೆ ಕೂತವನು. ಒಂದು ರಾತ್ರಿ ಬಾಗಿಲು ತೆರೆದುಕೊಳ್ಳುತ್ತದೆ, ಒಳಗೆ ಬರಬಾರದ್ದು ಬರುತ್ತದೆ, ಕಾವಲಿನ ದಳಪತಿ ಸಾಯುತ್ತಾನೆ. ಆ ಸಾವಿನಿಂದ ಇವನು ವೀರನಾಗುತ್ತಾನೆ. ಊರನ್ನು ಉಳಿಸುತ್ತಾನೆ. ನಿನ್ನ ಗಾಳಿರಾಯ ಬಟ್ಟೆ ಹಾರಿಸಿಕೊಂಡಿದ್ದ.

ಮತ್ತೇನಿಲ್ಲ.

ರೋಹಿತ


ಕ್ಯಾಂಪು
6-10-2024, ಮಧ್ಯಾಹ್ನ
(ಕಳಿಸುವುದಿಲ್ಲ)

ತಾರಿಕ,

ಜೀಪು ಹೋಯಿತು. ಈಗ ಏನು ಬರೆದರೂ ನಿನಗೆ ಮುಟ್ಟುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಫೆಬ್ರವರಿ ಎರಡು, ಶುಕ್ರವಾರ. ಅಣ್ಣ ಸೂಪಾಕ್ಕೆ ಹೋಗಬೇಕಿತ್ತು, ಬೀಗರ ಮನೆಯ ನಿಶ್ಚಿತಾರ್ಥ. ಬೈಕು ನಿನ್ನ ಹತ್ತಿರ ಇತ್ತು. "ತಯಾರ್ ಆಗೇತೇನು ನೋಡ್ಕೊಂಡ ಬಾ" ಎಂದು ನನ್ನನ್ನು ಕಳಿಸಿದ. ನಾನು ಬಂದಾಗ ನೀನು ಜುಮ್ಮಾ ನಮಾಜಿಗೆ ಹೋಗಿದ್ದೆ. ಬೈಕು ಹೊರಗೆ ನಿಂತಿತ್ತು, ಕೀಲಿ ಮೊಳೆಗೆ ನೇತುಬಿದ್ದಿತ್ತು.

ಹ್ಯಾಂಡಲ್‌ಗೆ ಕೆಂಪು ಅರಿವೆ ಇತ್ತು. ನೀನು ಕಟ್ಟಿದ್ದೆ. ಅರಿವೆ ಕಟ್ಟಿದ ಬಂಡಿ ಮುಟ್ಟಬಾರದು, ಕೆಲಸ ಬಾಕಿ ಇದೆ ಎಂದರ್ಥ. ದಾಂಡೇಲಿಯಲ್ಲಿ ನಿನ್ನ ಗಿರಾಕಿಗಳಿಗೆಲ್ಲ ಅದು ಗೊತ್ತು, ನನಗೂ ಗೊತ್ತು. ಆದರೆ ಕೆಲಸ ಮುಗಿದ ಮೇಲೂ ಅರಿವೆ ಬಿಚ್ಚಲು ನೀನು ಎಷ್ಟೋ ಸಲ ಮರೆತಿದ್ದೀ. ಹಿಂದಿನ ವರ್ಷ ಹಾಗೇ ಒಮ್ಮೆ ಒಯ್ದಿದ್ದೆ, ಏನೂ ಆಗಿರಲಿಲ್ಲ, ನೀನೂ ನಕ್ಕಿದ್ದೆ. ಇದೂ ಹಾಗೇ ಎಂದುಕೊಂಡೆ. ಬಿಚ್ಚಿದೆ, ಕೈ ಒರೆಸಿಕೊಂಡೆ, ಗಟಾರಕ್ಕೆ ಒಗೆದೆ. ಮನೆಗೆ ತಂದು ಅಣ್ಣನಿಗೆ ಕೀಲಿ ಕೊಟ್ಟೆ. "ತಯಾರ್ ಐತಿ" ಎಂದೆ.

ಸೂಪಾದ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಕಳಚಿತು. ಆ ಸಂಜೆ ಆಸ್ಪತ್ರೆಯಲ್ಲಿ ನೀನು ನನ್ನ ರಟ್ಟೆ ಹಿಡಿದು ಕೇಳಿದೆ, "ಅಣ್ಣ ತಾನ ಬಂದು ಒಯ್ದನೇನೋ? ನಾ ಅರಿವಿ ಕಟ್ಟಿದ್ದಿಲ್ಲೇನು?" ನಾನು ಹೂಂ ಎಂದೆ. ಎರಡು ಪ್ರಶ್ನೆಗೆ ಒಂದೇ ಹೂಂ. ಹದಿಮೂರನೆಯ ದಿನ ಮುಗಿಸಿ ಈ ಕೆಲಸಕ್ಕೆ ಬಂದೆ.

ಎಂಟು ತಿಂಗಳಲ್ಲಿ ಒಮ್ಮೆಯೂ ಅತ್ತಿಲ್ಲ. ಅಳು ಬರುತ್ತದೆಂದು ಕಾದಿದ್ದೇನೆ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ದವಡೆ ಆಗುತ್ತದಲ್ಲ, ಮೈಯೆಲ್ಲ ಹಾಗಾಗಿದೆ.

ಇದನ್ನು ಒಲೆಗೆ ಹಾಕುತ್ತೇನೆ.


ದಾಂಡೇಲಿ
19-10-2024, ಶನಿವಾರ

ರೋಹಿತ,

ನಿನ್ನ ಉತ್ತರ ಓದಿದೆ. ಹೆಜ್ಜೆ ಗುರುತಿನ ವಹಿಯ ಹಾಗೇ ಇತ್ತು. ಇರಲಿ, ಬರೆದೆಯಲ್ಲ.

ಸಿನಿಮಾ ಮಾತಿಗೆ ಬರುತ್ತೇನೆ. ಒಪ್ಪುತ್ತೇನೆ, ಗಾಳಿರಾಯನ ಖಳ ಬರೀ ಸಪ್ಪೆ. ಕಾರ್ಖಾನೆ ಮಾಲೀಕ, ಸದಾ ಸೇಬು ಕಚ್ಚುತ್ತಿರುತ್ತಾನೆ. ಎರಡನೇ ಭಾಗದಿಂದಲೇ ಅವರಿಗೆ ಒಳ್ಳೆಯ ಖಳ ಸಿಕ್ಕಿದ್ದು. ಕಾವಲುಗಾರನ ಕಂಪನಿಯವರು ಮೊದಲ ಭಾಗದಲ್ಲೇ ಎಲ್ಲ ಖರ್ಚು ಮಾಡಿ ಆಮೇಲೆ ಎಂಟು ಭಾಗ ಅದನ್ನೇ ತಿರುವಿ ಹಾಕಿದರು. ಮೊದಲ ಸಿನಿಮಾದಲ್ಲಿ ಮುಂದಿನದಕ್ಕೆ ಜಾಗ ಬಿಡಬೇಕು. ಗಾಳಿರಾಯದಲ್ಲಿ ಬಿಟ್ಟಿದ್ದಾರೆ: ಅವನಿಗೆ ಇನ್ನೂ ಮದುವೆಯಿಲ್ಲ, ಶತ್ರುವಿಲ್ಲ, ಮನೆ ಬಾಡಿಗೆಯದು. ಮುಂದೆ ಏನು ಬೇಕಾದರೂ ಆಗಬಹುದು.

ಆದರೆ ನೀನು ನಿನ್ನ ಸಿನಿಮಾದ ಕಥೆಯನ್ನೇ ಅರ್ಧ ಹೇಳಿದ್ದೀ. "ಬಾಗಿಲು ತೆರೆದುಕೊಳ್ಳುತ್ತದೆ" ಎಂದು ಬರೆದಿದ್ದೀ. ತಾನಾಗಿ ತೆರೆದುಕೊಳ್ಳಲಿಲ್ಲವಲ್ಲ. ಅವನೇ ಅಗಳಿ ಹಾಕದೆ ಹೋಗಿ ಮಲಗಿದ. ಮತ್ತೆ ತಪ್ಪು ಬಂದಿದ್ದು ಯಾರ ಮೇಲೆ? ಆರನೇ ಕಾವಲುಗಾರನ ಮೇಲೆ, ಪಕ್ಕದಲ್ಲಿದ್ದ ಜೊತೆಗಾರನ ಮೇಲೆ. ಅವನನ್ನು ಕೆಲಸದಿಂದ ತೆಗೆಯುತ್ತಾರೆ, ಬುತ್ತಿ ಡಬ್ಬಿ ಹಿಡಿದು ಹೊರಗೆ ಹೋಗುತ್ತಾನೆ, ಒಂದೇ ಶಾಟು. ನಿನ್ನ ನಾಯಕ ಮಾಡಿನ ಮೇಲೆ ಕೂತು ನೋಡುತ್ತಾನೆ. ಆಮೇಲೆ ಎಂಟು ಭಾಗ ಬಂದವು. ಊರು ಉಳಿಸಿದ, ದೇಶ ಉಳಿಸಿದ, ಕೊನೆಗೆ ಸೂರ್ಯನನ್ನೂ ಉಳಿಸಿದ. ಆ ಆರನೆಯವನಿಗೆ ಹೋಗಿ ಒಂದು ಮಾತು ಹೇಳಿದನೇನು?

ನನಗೆ ಆ ಸಿನಿಮಾ ಸೇರದಿದ್ದುದಕ್ಕೆ ಅದೇ ಕಾರಣ. ಹದಿನೇಳನೇ ವಯಸ್ಸಿನಲ್ಲಿ ಹೇಳಲು ಬಂದಿರಲಿಲ್ಲ, ಈಗ ಬಂತು.

ಅಮ್ಮಿ ನಿನ್ನನ್ನು ಕೇಳಿದರು. ಕಾಡಿನಲ್ಲಿ ಕಾಲಿಗೆ ಸಾಕ್ಸು ಹಾಕಬೇಕಂತೆ.

ತಾರಿಕ


ಕ್ಯಾಂಪು
3-11-2024, ಭಾನುವಾರ

ತಾರಿಕ,

ಹೋದ ಸಲ ಯಲ್ಲಪ್ಪನಿಗೆ ಅವಸರ ಇತ್ತು, ಬರೆಯಲಾಗಲಿಲ್ಲ.

ನೀನು ಹೇಳಿದ ದೃಶ್ಯ ಆ ಸಿನಿಮಾದಲ್ಲಿ ಇಲ್ಲ. ಆರನೇ ಕಾವಲುಗಾರ ಎಂಬವನೇ ಇಲ್ಲ. ನೀನು ಬೇರೆ ಯಾವುದರದೋ ಸೇರಿಸಿದ್ದೀ.

ನಿನ್ನದರಲ್ಲಿ ಸಾವಿಲ್ಲ ಎಂದಿದ್ದೆ. ಇದೆ. ಕಾರ್ಖಾನೆ ಸ್ಫೋಟದಲ್ಲಿ ಗೇಟಿನ ಮುದುಕ ಸಾಯುತ್ತಾನೆ, ಹನ್ನೊಂದನೇ ನಿಮಿಷಕ್ಕೆ. ಆಮೇಲೆ ಹಾಡು ಬರುತ್ತದೆ. ಹಾಡಿನ ನಂತರ ಅವನ ಸುದ್ದಿಯನ್ನು ಯಾರೂ ತೆಗೆಯುವುದಿಲ್ಲ. ಮೂವತ್ತೆರಡು ಜನರನ್ನು ಎಣಿಸಿದವನು ಇವನೊಬ್ಬನನ್ನು ಬಿಟ್ಟಿದ್ದೀ.

ಇಲ್ಲಿ ಚಳಿ ಶುರುವಾಗಿದೆ. ಅಡಿವೆಯ್ಯ ಮೊನ್ನೆ ಕೇಳಿದ, "ತಮ್ಮಾ, ನೀ ಮಾತಾಡಾಂವ ಅಲ್ಲ ಖರೆ. ಆದ್ರ ನಿದ್ದಿಗಣ್ಣಾಗ ಬಾಳ ಮಾತಾಡ್ತಿ. ಯಾವನ ಅರಿವಿ ಬಿಚ್ಚಿದಿ?" ಏನೋ ಕನಸು ಎಂದೆ.

ಅಣ್ಣ ಹೋದ ಮೇಲೆ ವೈನಿ ಹೇಗಿದ್ದಾಳೆ?

ರೋಹಿತ


ದಾಂಡೇಲಿ
16-11-2024, ಶನಿವಾರ

ರೋಹಿತ,

ಗೇಟಿನ ಮುದುಕನ ವಿಷಯದಲ್ಲಿ ನೀನು ಗೆದ್ದೆ. ಫೋನಿನಲ್ಲಿ ಹಾಕಿ ನೋಡಿದೆ, ಹನ್ನೊಂದನೇ ನಿಮಿಷವೇ. ಹದಿನೈದು ವರ್ಷ ನಾನು ಅವನನ್ನು ನೋಡಿಯೂ ನೋಡಿಲ್ಲ. ಚೆನ್ನಾಗಿರುವ ಕಾಲದಲ್ಲಿ ಕಣ್ಣು ಅಂಥಲ್ಲಿ ನಿಲ್ಲುವುದಿಲ್ಲ.

ಆಮೇಲೆ ನಿನ್ನದನ್ನೂ ಹಾಕಿದೆ. ಆರನೇ ಕಾವಲುಗಾರ ಇದ್ದಾನೆ, ಒಂದು ಗಂಟೆ ಎಂಟನೇ ನಿಮಿಷಕ್ಕೆ. ಬುತ್ತಿ ಡಬ್ಬಿಯೂ ಇದೆ. ನೀನು ಆ ಸಿನಿಮಾವನ್ನು ಇಪ್ಪತ್ತು ಸಲ ನೋಡಿದವನು, ಮರೆಯುವವನಲ್ಲ. ನನ್ನ ಮನಸ್ಸು ನೋಯಬಾರದು ಎಂದು ಸುಳ್ಳು ಹೇಳಿದ್ದೀ ಎಂದು ನನಗೆ ತಿಳಿಯಿತು. ಅಡಿವೆಯ್ಯ ಕೇಳಿದ್ದೂ ತಿಳಿಯಿತು. ಕನಸಿನಲ್ಲಿಯೂ ನಿನಗೆ ಅದೇ ಅರಿವೆ ಬರುತ್ತಿದೆ, ನನಗೂ ಅದೇ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ನಾನು ಅರಿವೆ ಕಟ್ಟಲಿಲ್ಲ, ಪುಂಡಲೀಕಣ್ಣ ಬಂಡಿ ತಯಾರಿದೆ ಎಂದು ಒಯ್ದ. ಹಿಂದಿನ ಬ್ರೇಕಿನ ನಟ್ಟನ್ನು ಬರೀ ಕೈಯಿಂದ ತಿರುಗಿಸಿ ಇಟ್ಟಿದ್ದೆ. ನಮಾಜು ಮುಗಿಸಿ ಬಂದು ಪಾನಾ ಹಾಕಿ ಬಿಗಿಯೋಣ ಎಂದುಕೊಂಡಿದ್ದೆ. ಅರಿವೆ ಕಟ್ಟಿದ ಹಾಗೆಯೇ ನನಗೆ ನೆನಪು, ಗಂಟು ಹಾಕಿದ್ದೂ ನೆನಪು. ಆದರೆ ಅದು ಬೇರೆ ದಿನದ ಗಂಟು ಇರಬೇಕು. ದಿನಾ ಕಟ್ಟುವವನಿಗೆ ಯಾವ ದಿನದ್ದು ಯಾವುದು ಎಂದು ಹೇಗೆ ಗೊತ್ತಾಗಬೇಕು?

ಗ್ಯಾರೇಜು ಚೆನ್ನಾಗಿದೆ ಎಂದು ಬರೆದಿದ್ದು ಸುಳ್ಳು. ಫೆಬ್ರವರಿಯಿಂದ ಬ್ರೇಕು ಮುಟ್ಟಿಲ್ಲ. ಪಂಕ್ಚರ್, ಹವಾ, ಆಯಿಲ್, ಅಷ್ಟೇ. ಬ್ರೇಕಿನವರು ಬಂದರೆ ಪಕ್ಕದ ಅಂಗಡಿ ತೋರಿಸುತ್ತೇನೆ. ಪಾನಾ ಹಿಡಿದರೆ ಕೈಯಲ್ಲಿ ಏನಿದೆ ಎಂದೇ ತಿಳಿಯುವುದಿಲ್ಲ. ಕಬ್ಬಿಣ ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತಾಗುವುದಿಲ್ಲ. ಜನವರಿ ಒಂದರಿಂದ ಗ್ಯಾರೇಜನ್ನು ಮಹೆಜಬೀನಳ ಅಣ್ಣ ವಜೀರನಿಗೆ ಬಿಟ್ಟುಕೊಡುತ್ತಿದ್ದೇನೆ. ಹಳಿಯಾಳದಲ್ಲಿ ಅವರ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಿದೆ, ಅಲ್ಲಿ ಕೂತುಕೊಳ್ಳುತ್ತೇನೆ. ಬಕೆಟ್ಟಿನಿಂದ ಯಾರೂ ಸಾಯುವುದಿಲ್ಲ. ಅಬ್ಬಾ ನಲವತ್ತು ವರ್ಷ ನಡೆಸಿದ ಜಾಗ. ಅವರಿಗಿನ್ನೂ ಹೇಳಿಲ್ಲ.

ಸುನಂದಾ ವೈನಿಯ ಸುದ್ದಿ ಕೇಳಿದೆಯಲ್ಲ. ಪ್ರತಿ ಭಾನುವಾರ ಕಾಯಿಪಲ್ಲೆ ಒಯ್ಯುತ್ತೇನೆ. ಚೀಲ ತೆಗೆದುಕೊಳ್ಳುತ್ತಾಳೆ, ಮುಖ ನೋಡುವುದಿಲ್ಲ. ಒಂಬತ್ತು ತಿಂಗಳಲ್ಲಿ ಒಂದು ಸಲ ಮಾತಾಡಿದಳು. "ಒಂದ ಅರಿವಿ ಕಟ್ಟೂದು ಎಷ್ಟೊತ್ತಿನ ಕೆಲಸ ಇತ್ತು, ತಾರಿಕ?" ಅಷ್ಟೇ ಕೇಳಿ ಬಾಗಿಲು ಮುಚ್ಚಿಕೊಂಡಳು. ಸಿಟ್ಟಿನಿಂದ ಕೇಳಿದ್ದರೆ ಒಳ್ಳೆಯದಿತ್ತು. ಎಷ್ಟು ಹೊತ್ತು ಎಂದು ನಿಜವಾಗಿಯೂ ತಿಳಿಯಬೇಕು ಎಂಬಂತೆ ಕೇಳಿದಳು.

ನಿನ್ನಿಂದ ನನಗೆ ಒಂದೇ ಬೇಕು. ಸಿಟ್ಟಿದ್ದರೆ ಬರೆದು ಹೇಳು. ತಡೆದುಕೊಳ್ಳುತ್ತೇನೆ.

ತಾರಿಕ


ದಾಂಡೇಲಿ
30-11-2024, ಶನಿವಾರ

ರೋಹಿತ,

ಹೋದ ಸಲ ಜೀಪು ಬರಿಗೈಯಲ್ಲಿ ಬಂತು. "ಕೊಟ್ಟೇನ್ರಿ, ಓದಿದ. ಓದಿ ಮಡಚಿ ಅಂಗಿ ಕಿಸೇದಾಗ ಇಟ್ಕೊಂಡ. ಉತ್ತರ ಐತೇನೋ ಅಂದೆ. ಇಲ್ಲ ಅಂದ" ಎಂದು ಯಲ್ಲಪ್ಪ ಹೇಳಿದ.

ಸಿಟ್ಟು ಎಂದು ತಿಳಿದುಕೊಳ್ಳುತ್ತೇನೆ. ನಿನ್ನ ಜಾಗದಲ್ಲಿ ನಾನಿದ್ದರೂ ಬರೆಯುತ್ತಿರಲಿಲ್ಲ.

ಇದೇ ಕೊನೆಯ ಚೀಟಿ.

ತಾರಿಕ


ಕ್ಯಾಂಪು
15-12-2024, ಭಾನುವಾರ

ತಾರಿಕ,

ನೀನು ಬರೆಯಲಿಲ್ಲ. ಬರೆಯುವುದಿಲ್ಲ ಎಂದಿದ್ದೆ, ಬರೆಯಲಿಲ್ಲ. ಯಲ್ಲಪ್ಪ ರೇಶನ್ ಇಳಿಸುತ್ತ ಮಾತಿಗೆ ಮಾತು ಹೇಳಿದ, "ನಿಮ್ಮ ದೋಸ್ತನ ಗ್ಯಾರೇಜ್ ಬೋರ್ಡ್ ಇಳಿಸಿ ಗ್ವಾಡಿಗೆ ಆನಿಸ್ಯಾರ. ಅವ್ರ ಅಪ್ಪ ಅದರ ಮುಂದ ಕುರ್ಚಿ ಹಾಕ್ಕೊಂಡ ಕುಂತಾರ. ಏಳಂಗಿಲ್ಲ."

ಕಾವಲುಗಾರನ ಸಿನಿಮಾದಲ್ಲಿ ಆರನೆಯವನು ಇದ್ದಾನೆ. ನಿನ್ನ ಮನಸ್ಸು ನೋಯಬಾರದು ಎಂದು ನಾನು ಸುಳ್ಳು ಹೇಳಿದ್ದಲ್ಲ. ಅವನು ಇರಬಾರದು ಎಂದು ಹೇಳಿದ್ದು.

ನೀನು ಅರಿವೆ ಕಟ್ಟಿದ್ದೆ. ಫೆಬ್ರವರಿ ಎರಡರಂದೇ ಕಟ್ಟಿದ್ದೆ. ನಿನಗೆ ನೆನಪಿರುವ ಗಂಟು ಅದೇ ದಿನದ್ದು. ಬಿಚ್ಚಿದವನು ನಾನು. ಅಣ್ಣ ಗ್ಯಾರೇಜಿಗೆ ಬಂದೇ ಇಲ್ಲ. ನೀನು ನಮಾಜಿಗೆ ಹೋದಾಗ ನಾನು ಬಂದೆ, ಕೆಲಸ ಮುಗಿದಿರುತ್ತದೆ, ಬಿಚ್ಚಲು ಮರೆತಿದ್ದೀ ಎಂದುಕೊಂಡೆ, ಅರಿವೆ ಗಟಾರಕ್ಕೆ ಒಗೆದೆ, ತಯಾರಿದೆ ಎಂದು ಅಣ್ಣನಿಗೆ ಹೇಳಿದೆ. ಆಸ್ಪತ್ರೆಯಲ್ಲಿ ನೀನು ಕೇಳಿದಾಗ ಹೂಂ ಎಂದವನೂ ನಾನೇ.

ಇದನ್ನು ಅಕ್ಟೋಬರಿನಲ್ಲೇ ಒಮ್ಮೆ ಬರೆದು ಒಲೆಗೆ ಹಾಕಿದ್ದೆ. ನಿನ್ನ ನವೆಂಬರಿನ ಪತ್ರ ಓದಿದ ಮೇಲೆ ದಿನಾ ಬರೆದಿದ್ದೇನೆ. ಹೆಜ್ಜೆ ಗುರುತಿನ ವಹಿಯಲ್ಲಿ ಹಾಳೆ ಕಡಿಮೆಯಾಗಿದೆ ಎಂದು ಅಡಿವೆಯ್ಯ ಹುಡುಕುತ್ತಿದ್ದಾನೆ.

ನನ್ನನ್ನು ಕ್ಷಮಿಸು ಎಂದು ಬರೆಯಲು ಕೂತೆ. ಬರೆದರೆ ಆ ಮಾತು ನನ್ನದೆನ್ನಿಸಲಿಲ್ಲ, ಬಿಟ್ಟೆ. ಗ್ಯಾರೇಜು ಬಿಡಬೇಡ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ.

ರೋಹಿತ


ದಾಂಡೇಲಿ
28-12-2024, ಶನಿವಾರ

ರೋಹಿತ,

ನಿನ್ನ ಪತ್ರವನ್ನು ಯಲ್ಲಪ್ಪನ ಎದುರಿಗೇ ಓದಿದೆ. ಅವನು "ಎಲ್ಲಾ ಅರಾಮೇನ್ರಿ?" ಎಂದ. ಅರಾಮು ಎಂದೆ. ಒಳಗೆ ಹೋಗಿ ಆಯಿಲ್ ಡಬ್ಬಿಗಳ ಹಿಂದೆ ಕೂತು ಇನ್ನೊಮ್ಮೆ ಓದಿದೆ.

ಮೊದಲ ದಿನ ಏನೂ ಅನಿಸಲಿಲ್ಲ. ಎರಡನೇ ದಿನ ಊಟಕ್ಕೆ ಕೂತಾಗ ಸಿಟ್ಟು ಬಂತು. ಎಂಥ ಸಿಟ್ಟೆಂದರೆ ತಾಟು ತಳ್ಳಿ ಎದ್ದೆ, ಮಹೆಜಬೀನ ಹೆದರಿದಳು. ಹತ್ತೂವರೆ ತಿಂಗಳು ನಾನು ಒಬ್ಬನನ್ನು ಕೊಂದವನು ಎಂದು ಮಲಗಿದ್ದೇನೆ, ಎದ್ದಿದ್ದೇನೆ, ಉಂಡಿದ್ದೇನೆ. ನೀನು ಅದನ್ನು ತಿಳಿದೂ ತಿಳಿದೂ ನನಗೆ ಮುಖವಾಡ ಯಾವ ನಿಮಿಷಕ್ಕೆ ಬರುತ್ತದೆ ಎಂದು ಬರೆದೆ. ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಹತ್ತೂವರೆ ತಿಂಗಳ ಮೇಲೆ ಬಂದ ಮೊದಲ ಸಿಟ್ಟು ಅದು. ಅದರ ಮರುದಿನ ಅಳು ಬಂತು. ಪುಂಡಲೀಕಣ್ಣನಿಗಾಗಿ ನಾನು ಅತ್ತಿರಲಿಲ್ಲ, ನನಗೆ ಆ ಹಕ್ಕಿಲ್ಲ ಎಂದುಕೊಂಡಿದ್ದೆ. ಗ್ಯಾರೇಜಿನಲ್ಲೇ ಅತ್ತೆ. ಅಬ್ಬಾ ಕುರ್ಚಿಯಿಂದ ಎದ್ದು ಬಂದು ಶಟರ್ ಅರ್ಧ ಇಳಿಸಿದರು.

ವಜೀರನಿಗೆ ಇಲ್ಲ ಎಂದು ಹೇಳಿದ್ದೇನೆ. ಸೋಮವಾರ ಹತ್ತಿರದ ಹಳ್ಳಿಯಿಂದ ಒಬ್ಬ ರೈತ ಬಂದಿದ್ದ, ಗೂಳಪ್ಪ ಎಂದು. ಹಳೆಯ ಮೊಪೆಡ್ಡು, ಎರಡೂ ಬ್ರೇಕು ಹೋಗಿದ್ದವು. ಪಕ್ಕದ ಅಂಗಡಿ ತೋರಿಸಲು ಕೈ ಎತ್ತಿದೆ, ಇಳಿಸಿದೆ. ಪಾನಾ ತೆಗೆದುಕೊಂಡೆ. ತಣ್ಣಗಿತ್ತು. ಒಂದು ತಾಸಿನ ಕೆಲಸಕ್ಕೆ ಮೂರು ತಾಸು ಹಿಡಿಯಿತು, ಒಂದೊಂದು ನಟ್ಟನ್ನೂ ನಾಲ್ಕು ಸಲ ನೋಡಿದೆ. "ಏನಪಾ, ವಿಮಾನ ರಿಪೇರಿ ಮಾಡಾಕತ್ತಿ ಏನು?" ಎಂದ ಮುದುಕ.

ಸುನಂದಾ ವೈನಿಗೆ ನಾನು ಹೇಳಿಲ್ಲ. ಹೋದ ಎರಡು ಭಾನುವಾರವೂ ಕಾಯಿಪಲ್ಲೆ ಕೊಟ್ಟೆ, ಚೀಲ ಇಸಿದುಕೊಂಡಳು, ಬಂದೆ. ನಿನ್ನ ಪತ್ರ ಕಿಸೆಯಲ್ಲೇ ಇತ್ತು. ತೆಗೆದು ತೋರಿಸಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ತೋರಿಸಲಿಲ್ಲ. ನಿನ್ನ ಮೇಲಿನ ಪ್ರೀತಿಗೆ ಎಂದು ತಿಳಿಯಬೇಡ. ಗಂಡ ಹೇಗೆ ಸತ್ತ ಎಂಬುದನ್ನು ಅವಳು ಒಂದು ಹಾಳೆಯಿಂದ ತಿಳಿಯಬಾರದು. ಆ ಮಾತು ಮನುಷ್ಯನ ಬಾಯಿಂದ ಬರಬೇಕು, ಅವನು ಎದುರಿಗೆ ನಿಂತಿರಬೇಕು, ಅವಳಿಗೆ ಬೈಯಬೇಕೆನಿಸಿದರೆ ಬೈಯಲು, ಹೊಡೆಯಬೇಕೆನಿಸಿದರೆ ಹೊಡೆಯಲು.

ಇನ್ನು ಸಿನಿಮಾ ಮಾತು ಬೇಡ. ಯಾವುದು ಮೇಲು ಎಂದು ನನಗೆ ಈಗ ಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಜೀಪು ಹೊಳ್ಳುವಾಗ ಅದರಲ್ಲಿ ಕೂತು ಬಾ. ಅಡಿವೆಯ್ಯನ ಜೊತೆಗೆ ಇರಲು ಇನ್ನೊಬ್ಬನನ್ನು ಇಂದೇ ಕರೆದೊಯ್ಯುತ್ತಿದ್ದಾನೆ ಯಲ್ಲಪ್ಪ, ನಾನು ಮಾತಾಡಿದ್ದೇನೆ. ನಾಕಾ ಹತ್ತಿರ ಇಳಿ, ಅಲ್ಲೇ ಇರುತ್ತೇನೆ. ಅಂಬೇವಾಡಿಗೆ ಇಬ್ಬರೂ ನಡೆದುಕೊಂಡು ಹೋಗೋಣ. ಹಾದಿಯಲ್ಲಿ ನನ್ನ ಹತ್ತಿರ ಏನೂ ಮಾತಾಡಬೇಡ, ನಾನೂ ಮಾತಾಡುವುದಿಲ್ಲ. ವೈನಿಯ ಬಾಗಿಲ ತನಕ ನಿನ್ನ ಜೊತೆ ಬರುತ್ತೇನೆ. ಒಳಗೆ ನೀನೊಬ್ಬನೇ ಹೋಗಬೇಕು. ನೀನು ಹೊರಗೆ ಬರುವ ತನಕ ಕಟ್ಟೆಯ ಮೇಲೆ ಕೂತಿರುತ್ತೇನೆ.

ತಾರಿಕ